ಕೆಂಪು ಬಲ್ಬ್ ಬೆಳಕಿನಲ್ಲಿ ಹಳೆಯ ಫಿಲ್ಮ್ ರೋಲ್ ಬಿಚ್ಚಬಹುದೇ? ನಿಜ ಇಲ್ಲಿದೆ

ಸಾರಾಂಶ

ಹಳೆಯ ಕ್ಯಾಮೆರಾದ ಫಿಲ್ಮ್ ರೋಲನ್ನು ಕೆಂಪು ಬಲ್ಬ್ ಹಾಕಿದ ಕೋಣೆಯಲ್ಲಿ ಬಿಚ್ಚಿದರೆ ಏನೂ ಆಗುವುದಿಲ್ಲ ಎಂಬ ಮಾತು ತಪ್ಪು. ಕೆಂಪು ಬೆಳಕು ಕಪ್ಪು-ಬಿಳುಪು ಫೋಟೊ ಮುದ್ರಿಸುವ ಕಾಗದಕ್ಕೆ ಸುರಕ್ಷಿತ, ಸಾಮಾನ್ಯ ಫಿಲ್ಮ್‌ಗೆ ಅಲ್ಲ. ರೋಲ್ ಬಿಚ್ಚುವುದರಿಂದ ಹಿಡಿದು ಟ್ಯಾಂಕ್‌ನ ಮುಚ್ಚಳ ಹಾಕುವವರೆಗೆ ಪೂರ್ತಿ ಕತ್ತಲೆ ಬೇಕು.

ಈ ಪ್ರಶ್ನೆ ಎದ್ದದ್ದು ಹೇಗೆ?

ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಟ್ರಂಕ್ ಖಾಲಿ ಮಾಡುವಾಗ ಒಂದು ಅಗ್ಫಾ ಕ್ಲಿಕ್-3 ಕ್ಯಾಮೆರಾ ಮತ್ತು ಎರಡು ರೋಲ್ ಸಿಕ್ಕವು. ಅಜ್ಜ ಫೋಟೊ ತೆಗೆದು, ತೊಳೆಸದೆ ಬಿಟ್ಟ ರೋಲ್‌ಗಳು. ಫ್ಯಾಮಿಲಿ ಗ್ರೂಪ್‌ನಲ್ಲಿ ವಿಷಯ ಬಂದ ಕೂಡಲೇ, ‘ಕೆಂಪು ಜೀರೋ ಬಲ್ಬ್ ಹಾಕಿ ಬಿಚ್ಚಿ, ಏನೂ ಆಗಲ್ಲ’ ಎಂಬ ಸಲಹೆಯೂ ಬಂತು. ಅಂದು ರಾತ್ರಿಯೇ ಒಂದು ರೋಲನ್ನು ಹಾಗೆಯೇ ಬಿಚ್ಚಿ ನೋಡಿದರು. ಆಮೇಲೆ ನಾನು ಅದನ್ನು ಡೆವಲಪ್ ಮಾಡಿದಾಗ ಈ ತುದಿಯಿಂದ ಆ ತುದಿಯವರೆಗೆ ಬರೀ ಕಪ್ಪು. ಅದರಲ್ಲಿ ಯಾರ ಮುಖಗಳಿದ್ದವೋ, ಇನ್ನು ತಿಳಿಯುವ ದಾರಿ ಇಲ್ಲ.

ಸಲಹೆ ಕೊಟ್ಟವರು ಸುಳ್ಳು ಹೇಳಿದ್ದೇನೂ ಅಲ್ಲ. ಸಿನಿಮಾಗಳಲ್ಲಿ ಡಾರ್ಕ್‌ರೂಮ್ ಎಂದರೆ ಕೆಂಪು ಬೆಳಕೇ. ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಕೋಣೆಗಳಲ್ಲೂ ಕೆಂಪು ದೀಪ ಇರುತ್ತಿತ್ತು. ಕ್ಲಿಕ್-3ರಂಥ ಕ್ಯಾಮೆರಾದ ಹಿಂಬದಿಯಲ್ಲೂ ಕೆಂಪು ಕಿಂಡಿ ಇದೆ. ಆದರೆ ಆ ಕಿಂಡಿಯಲ್ಲಿ ಕಾಣುವುದು ಫಿಲ್ಮ್ ಅಲ್ಲ, ಅದರ ಬೆನ್ನಿಗಿರುವ ಕಾಗದದ ಮೇಲಿನ ಅಂಕಿ. ಫಿಲ್ಮನ್ನು ಕಾಯುವುದು ಆ ಕಾಗದ.

ಕೆಂಪು ಬೆಳಕಿನ ಹಿಂದಿನ ವಿಜ್ಞಾನ

ಫಿಲ್ಮ್ ಮೇಲಿರುವ ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತವೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ನಮ್ಮ ಹಂಪಿಯ ಚಿತ್ರಗಳನ್ನು ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ. ಅಂಥ ಕಾಗದವನ್ನು ಮೋಂಬತ್ತಿಯ ಹಳದಿ ಬೆಳಕಿನಲ್ಲೂ ಕೈಗೆತ್ತಿಕೊಳ್ಳಬಹುದಿತ್ತು.

ಇದರಲ್ಲಿ ಒಂದು ತೊಂದರೆ ಇತ್ತು. ಕೆಂಪು ಕಾಣದ ಫಿಲ್ಮ್‌ನಲ್ಲಿ ಹಣೆಯ ಕುಂಕುಮ, ಕೆಂಪು ಸೀರೆ ಎಲ್ಲವೂ ಕಪ್ಪಾಗಿ ಬರುತ್ತವೆ. 1873ರಲ್ಲಿ ಜರ್ಮನಿಯ ಹರ್ಮನ್ ವೋಗೆಲ್, ಕೆಲವು ಬಣ್ಣದ ಪದಾರ್ಥ ಬೆರೆಸಿದರೆ ಬೆಳ್ಳಿಯ ಲವಣಗಳಿಗೆ ಬೇರೆ ಬಣ್ಣಗಳೂ ಕಾಣುತ್ತವೆ ಎಂದು ಕಂಡುಕೊಂಡರು. ಇದೇ ದಾರಿಯಲ್ಲಿ ಮುಂದೆ ಬಂದದ್ದು ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್. ಕುಂಕುಮವನ್ನು ಸರಿಯಾಗಿ ಕಾಣುವ ಫಿಲ್ಮ್ ಕೆಂಪು ಬಲ್ಬನ್ನೂ ಕಾಣುತ್ತದೆ. ಕಪ್ಪು-ಬಿಳುಪು ಫೋಟೊ ಕಾಗದಕ್ಕೆ ಮಾತ್ರ ಸಾಮಾನ್ಯವಾಗಿ ಕೆಂಪು ಕಾಣುವುದಿಲ್ಲ. ‘ನಾವು ಕೆಂಪು ಬೆಳಕಲ್ಲೇ ಕೆಲಸ ಮಾಡಿದ್ದು’ ಎಂದು ಹಳೆಯ ಸ್ಟುಡಿಯೊದವರು ಹೇಳಿದರೆ ಅದೂ ನಿಜ. ಅವರು ಹೇಳುತ್ತಿರುವುದು ಪ್ರಿಂಟ್ ಹಾಕುವ ಕೆಲಸದ ಬಗ್ಗೆ, ಇಲ್ಲವೇ ಕೆಂಪು ಕಾಣದ ಹಳೆಯ ಬಗೆಯ ಫಿಲ್ಮ್ ಬಗ್ಗೆ.

ರೋಲ್ ಸಿಕ್ಕರೆ ಮೊದಲು ಏನು ಮಾಡಬೇಕು?

ಬಿಚ್ಚಬೇಡಿ. ಸುತ್ತು ಸಡಿಲವಾಗಿದ್ದರೆ ರಬ್ಬರ್ ಬ್ಯಾಂಡ್ ಹಾಕಿ, ಬೆಳಕು ಬೀಳದ ಡಬ್ಬಿಯಲ್ಲಿಡಿ. ಹೊರಗಿನ ಕಾಗದದ ಮೇಲಿನ ಬರಹ ಓದಿ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಹೆಸರೂ ಇರಬಹುದು. ಕಲರ್ ಎಂದಿದ್ದರೆ ಅದರ ರಾಸಾಯನಿಕಗಳೇ ಬೇರೆ, ಅದನ್ನು ಫಿಲ್ಮ್ ಲ್ಯಾಬ್‌ಗೆ ಕೊಡುವುದು ಒಳ್ಳೆಯದು. ಕಪ್ಪು-ಬಿಳುಪು ಆದರೆ ಮನೆಯಲ್ಲೂ ಮಾಡಬಹುದು.

ಕತ್ತಲಲ್ಲಿ ರೀಲ್‌ಗೆ ಸುತ್ತುವುದು ಹೇಗೆ?

ನಮ್ಮಲ್ಲಿ ಫಿಲ್ಮನ್ನೇ ‘ರೀಲು’ ಎನ್ನುವ ರೂಢಿ ಇದೆ. ಇಲ್ಲಿ ರೀಲ್ ಎಂದರೆ ಫಿಲ್ಮನ್ನು ಸುತ್ತಿ ಟ್ಯಾಂಕ್‌ನಲ್ಲಿಡುವ, ಸುರುಳಿ ಸಂದುಗಳಿರುವ ಚಕ್ರ. ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ಅದು ಹಿಡಿದಿಡುತ್ತದೆ. ತಾಗಿದ ಜಾಗಕ್ಕೆ ಡೆವಲಪರ್ ಹೋಗುವುದಿಲ್ಲ, ಅಲ್ಲಿಯ ಚಿತ್ರ ಬರುವುದಿಲ್ಲ. ಕ್ಲಿಕ್-3ರಲ್ಲಿ ಹಾಕುವ 120 ಫಿಲ್ಮ್ ಸುಮಾರು 6 ಸೆಂ.ಮೀ. ಅಗಲ, 80 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಉದ್ದ. ಅಗಲ ಹೆಚ್ಚಿರುವುದರಿಂದ ಬೇಗ ಮಡಚಿಕೊಳ್ಳುತ್ತದೆ. ಕ್ರಮ ಹೀಗಿದೆ:

1. ಮೊದಲು ಒಂದು ಹಾಳು ರೋಲ್ ಹಿಡಿದು ಬೆಳಕಿನಲ್ಲಿ ಅಭ್ಯಾಸ ಮಾಡಿ, ನಂತರ ಕಣ್ಣು ಮುಚ್ಚಿ ಮಾಡಿ. ಕೈ ತಾನಾಗಿ ನಡೆಯುವವರೆಗೆ ನಿಜವಾದ ರೋಲ್ ಮುಟ್ಟಬೇಡಿ.

2. ಕಿಟಕಿ ಮತ್ತು ಬಾಗಿಲ ಸಂದು ಮುಚ್ಚಿ, ದೀಪ ಆರಿಸಿ, ಹತ್ತು ನಿಮಿಷ ಕುಳಿತುಕೊಳ್ಳಿ. ಅಷ್ಟರಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಂಡು ಸಣ್ಣ ಬೆಳಕೂ ಕಾಣುತ್ತದೆ. ಕಂಡರೆ ಅದನ್ನೂ ಮುಚ್ಚಿ. ಮೊಬೈಲ್, ಸ್ಮಾರ್ಟ್ ವಾಚ್, ಮಿನುಗುವ ಚಾರ್ಜರ್ ಎಲ್ಲವೂ ಹೊರಗಿರಲಿ.

3. ರೀಲ್, ಟ್ಯಾಂಕ್, ನಡುವಿನ ಕೊಳವೆ, ಮುಚ್ಚಳ, ಕತ್ತರಿ ಇವನ್ನು ಒಂದೇ ಕ್ರಮದಲ್ಲಿ ಮುಂದಿಟ್ಟುಕೊಳ್ಳಿ. ರೀಲ್ ಪೂರ್ತಿ ಒಣಗಿರಬೇಕು. ಒಂದು ಹನಿ ನೀರಿದ್ದರೂ ಫಿಲ್ಮ್‌ನ ಜೆಲಾಟಿನ್ ಅಂಟಿಕೊಂಡು ನಿಲ್ಲುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಕೈ ಬೆವರೂ ಇದೇ ಕೆಲಸ ಮಾಡುತ್ತದೆ, ಹಾಗಾಗಿ ಬೆಳಗಿನ ಜಾವ ಮಾಡುವುದು ವಾಸಿ.

4. ಕತ್ತಲಲ್ಲಿ ಕಾಗದ ಬಿಚ್ಚುತ್ತಾ ಹೋಗಿ. ಮೊದಲು ಫಿಲ್ಮ್‌ನ ಬಿಡಿ ತುದಿ ಕೈಗೆ ಸಿಗುತ್ತದೆ. ಕಾಗದಕ್ಕೆ ಟೇಪ್ ಹಚ್ಚಿದ ತುದಿ ಬರುವುದು ಕೊನೆಗೆ. ಟೇಪನ್ನು ಜೋರಾಗಿ ಕಿತ್ತರೆ ಕ್ಷಣಮಾತ್ರದ ಮಿಂಚು ಹೊಮ್ಮಿ ಫಿಲ್ಮ್ ಮೇಲೆ ಕಲೆ ಬೀಳಬಹುದು. ನಿಧಾನವಾಗಿ ಬಿಡಿಸಿ, ಇಲ್ಲವೇ ಕತ್ತರಿಸಿ.

5. ಫಿಲ್ಮ್‌ನ ಅಂಚುಗಳನ್ನು ಮಾತ್ರ ಹಿಡಿಯಿರಿ. ಪ್ಲಾಸ್ಟಿಕ್ ರೀಲ್ ಆದರೆ ತುದಿಯನ್ನು ಹೊರಗಿನ ಬಾಯಿಂದ ತೂರಿಸಿ, ರೀಲ್‌ನ ಒಂದು ಬದಿಯನ್ನು ಹಿಂದೆ-ಮುಂದೆ ತಿರುಗಿಸಿ. ಫಿಲ್ಮ್ ತಾನಾಗಿ ಒಳಗೆ ಹೋಗುತ್ತದೆ. ಸ್ಟೀಲ್ ರೀಲ್ ಆದರೆ ಫಿಲ್ಮನ್ನು ತುಸು ಬಾಗಿಸಿ ಹಿಡಿದು ನಡುವಿನಿಂದ ಹೊರಕ್ಕೆ ಸುತ್ತಿ.

6. ಸಿಕ್ಕಿಕೊಂಡರೆ ಎಳೆಯಬೇಡಿ. ಮಡಚಿದ ಜಾಗದಲ್ಲಿ ಅರ್ಧಚಂದ್ರದಂಥ ಗುರುತು ಉಳಿದುಬಿಡುತ್ತದೆ. ಎಲ್ಲವನ್ನೂ ಟ್ಯಾಂಕ್‌ಗೆ ಹಾಕಿ, ಕೊಳವೆ ಸಮೇತ ಮುಚ್ಚಿ, ದೀಪ ಹಾಕಿ, ಕೈ ಒರೆಸಿಕೊಂಡು ಮತ್ತೆ ಶುರು ಮಾಡಿ. ಆ ಕೊಳವೆ ಮರೆತರೆ ಮುಚ್ಚಳ ಇದ್ದರೂ ಬೆಳಕು ಒಳಗೆ ಹೋಗುತ್ತದೆ.

ಮುಚ್ಚಳ ಭದ್ರವಾದ ಮೇಲೆ ಮುಂದಿನ ಕೆಲಸವನ್ನೆಲ್ಲ ದೀಪದ ಬೆಳಕಿನಲ್ಲೇ ಮಾಡಬಹುದು. ಡೆವಲಪರ್ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಕಡೆ ನಲ್ಲಿ ನೀರು ಅದಕ್ಕಿಂತ ಬಿಸಿಯಾಗಿರುವುದರಿಂದ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿಟ್ಟು ತಣಿಸಿ.

ನಮ್ಮ ಎರಡನೇ ರೋಲ್

ಹಚ್ಚೊಳ್ಳಿಯ ಎರಡನೇ ರೋಲನ್ನು ಹೀಗೆಯೇ ಸುತ್ತಿದೆ. ವರ್ಷಗಟ್ಟಲೆ ಬಿಗಿಯಾಗಿ ಸುತ್ತಿಕೊಂಡಿದ್ದ ಫಿಲ್ಮ್ ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು, ಮೂರನೇ ಸಲಕ್ಕೆ ಒಳಗೆ ಹೋಯಿತು. ಹನ್ನೆರಡರಲ್ಲಿ ಐದು ಚಿತ್ರ ಮಸುಕಾಗಿ ಬಂದವು. ಒಂದರಲ್ಲಿ ಅಜ್ಜಿ ಹೊಸ್ತಿಲ ಮೇಲೆ ಕುಳಿತಿದ್ದಾರೆ. ಅವರ ಆ ವಯಸ್ಸಿನ ಬೇರೆ ಫೋಟೊ ಮನೆಯಲ್ಲಿಲ್ಲ.

ತೀರ್ಪು: ತಪ್ಪು

ಕೆಂಪು ಬೆಳಕು ಫೋಟೊ ಕಾಗದಕ್ಕೆ ಸರಿ, ಫಿಲ್ಮ್‌ಗೆ ಬೇಡ. ನಿಮ್ಮ ಗ್ರೂಪ್‌ನಲ್ಲಿ ಯಾರಾದರೂ ಹಳೆಯ ರೋಲ್‌ನ ಫೋಟೊ ಹಾಕಿದರೆ, ‘ಬಿಚ್ಚಬೇಡಿ’ ಎಂದು ಮೊದಲು ಬರೆಯಿರಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಮಾತಾಡಬಹುದು.