ನಡುಗಡ್ಡೆ, ಗೆಡ್ಡೆಗೆಣಸು, ಬೆನ್ನಿನ ಗಡ್ಡೆ

ಕೇರಳದ ವಯನಾಡಿನ ಕಾಟ್ಟಿಕುಳಂನಲ್ಲಿ ರಸ್ತೆ ಕವಲೊಡೆದು ಒಂದು ಬಾವಲಿ ದಾಟಿ ಮೈಸೂರಿನ ಕಡೆಗೆ, ಇನ್ನೊಂದು ತೋಲ್ಪೆಟ್ಟಿ ದಾಟಿ ಕೊಡಗಿನ ಕುಟ್ಟಕ್ಕೆ ಹೋಗುತ್ತದೆ. ಹತ್ತಿರದ ಕಬಿನಿ ಹೊಳೆಯ ಕುರುವಾ ದ್ವೀಪ ನಮ್ಮ ಬಾಯಲ್ಲಿ ನಡುಗಡ್ಡೆ. ಇದೇ ತಿರುನೆಲ್ಲಿ ಪಂಚಾಯಿತಿಯ ಇರುಂಬುಪಾಲದಲ್ಲಿ 'ನೂರಾಂಗ್' ಎಂಬ ಬುಡಕಟ್ಟು ಹೆಂಗಸರ ಗುಂಪು ಅಕ್ಕರೆಯಿಂದ ಉಳಿಸಿಕೊಂಡು ಬರುತ್ತಿರುವುದು ಗೆಡ್ಡೆಗೆಣಸು. ಬೆನ್ನುನೋವೆಂದು ಸ್ಕ್ಯಾನಿಂಗ್ ಮಾಡಿಸಿದವರು ಕೇಳಿ ಬೆಚ್ಚುವುದೂ ಅದೇ ಮಾತಿಗೆ: "ಗಡ್ಡೆ ಇದೆ."

ಗಟ್ಟಿಯಾಗಿ ಉಂಡೆಗಟ್ಟಿದ್ದೆಲ್ಲ ನಮಗೆ ಗಡ್ಡೆ. ನೀರು ಹೆಪ್ಪುಗಟ್ಟಿದರೆ ಮಂಜುಗಡ್ಡೆ, ಧಾರವಾಡದ ಕಡೆ ಈರುಳ್ಳಿ ಉಳ್ಳಾಗಡ್ಡಿ. ತೆಲುಗಿನ 'ಗಡ್ಡ' ಮಣ್ಣಿನ ಹೆಂಟೆಗೂ ಹುಣ್ಣಿಗೂ ಸಲ್ಲುತ್ತದೆ. ತಮಿಳಿನಲ್ಲಿ ಈ ಕೆಲಸ 'ಕಟ್ಟಿ'ಯದು. ಮಲಯಾಳದಲ್ಲಿ ಮೈಮೇಲಿನ ಗಡ್ಡೆ 'ಮುಳ', ಕ್ಯಾನ್ಸರ್ 'ಅರ್ಬುದಂ'. ಸುಶ್ರುತ ಸಂಹಿತೆ ಅರ್ಬುದವನ್ನು ವರ್ಣಿಸುವ ಬಗೆ ನೋಡಿ: ದುಂಡಗಿರುತ್ತದೆ, ಅಲುಗುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ, ಕೀವಾಗುವುದಿಲ್ಲ, ಬೇರು ದೊಡ್ಡದು. ಹೊಲದ ಗೆಡ್ಡೆಗೂ ಒಪ್ಪುವ ಮಾತು!

ಆದರೆ ಬೆನ್ನಿನ ವಿಷಯಕ್ಕೆ ಬಂದರೆ ಬೇರಿನ ಲೆಕ್ಕ ತಪ್ಪುತ್ತದೆ. ಬೆನ್ನುಮೂಳೆಯಲ್ಲಿ ಕಾಣುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವಲ್ಲ. ಶ್ವಾಸಕೋಶ, ಸ್ತನ, ಪ್ರಾಸ್ಟೇಟ್‌ನಿಂದ ಹರಡಿ ಬಂದವು. ಬೆನ್ನುಹುರಿಯ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಬಹುಪಾಲು ಕ್ಯಾನ್ಸರೇ ಅಲ್ಲ. ಎರಡಕ್ಕೂ ನಮ್ಮಲ್ಲಿರುವುದು ಒಂದೇ ಹೆಸರು.

ಈಗ ಬೆನ್ನಿನ ಗಡ್ಡೆಯ ಆಪರೇಷನ್ ಮಾತಿಗೆ ರೋಬೋಟ್ ಎಂಬ ಪದವೂ ಸೇರಿದೆ. 1920ರಲ್ಲಿ ಕಾರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ ಹೊರಟ ಈ ಪದದ ಮೂಲ 'ರೊಬೊತಾ', ಅಂದರೆ ಬಿಟ್ಟಿ ಚಾಕರಿ. ಬೆನ್ನಿನ ಆಪರೇಷನ್‌ಗೆಂದೇ ತಯಾರಾದ ಇಸ್ರೇಲಿನ ಮಜೋರ್ ಕಂಪನಿಯ ಯಂತ್ರಕ್ಕೆ ಅಮೆರಿಕದ ಅನುಮತಿ ಸಿಕ್ಕಿದ್ದು 2004ರಲ್ಲಿ. ಈ ಬಗೆಯ ಯಂತ್ರ ತಾನಾಗಿ ಗಡ್ಡೆ ಕೀಳುವುದಿಲ್ಲ. ಸಿ.ಟಿ. ಸ್ಕ್ಯಾನ್ ನೋಡಿ ಮೊದಲೇ ಗುರುತು ಮಾಡಿದ ಕೋನಕ್ಕೆ ಅದರ ತೋಳು ಒಂದು ಕೊಳವೆಯನ್ನು ಅಲುಗದಂತೆ ಹಿಡಿಯುತ್ತದೆ. ಸರ್ಜನ್ ಅದರೊಳಗೆ ಡ್ರಿಲ್ ಇಳಿಸಿ ಮೂಳೆಗೆ ಸ್ಕ್ರೂ ಕೂರಿಸುತ್ತಾರೆ, ಇಲ್ಲವೇ ಬಯಾಪ್ಸಿಗೆ ಚೂರು ತೆಗೆಯುತ್ತಾರೆ. ಹುರಿಗೆ ಒತ್ತಿಕೊಂಡ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ಎಳೆಎಳೆಯಾಗಿ ಬಿಡಿಸುವುದು ಸಾಮಾನ್ಯವಾಗಿ ಅವರ ಕೈಯೇ. 2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಕುತ್ತಿಗೆ ಮೂಳೆಯ ಕಾರ್ಡೋಮಾ ಗಡ್ಡೆ ತೆಗೆಯಲು ಬಾಯಿಯ ಮೂಲಕ ರೋಬೋಟ್ ತೋಳು ಇಳಿಸಿತ್ತು. ಆ ತೋಳನ್ನು ಆಡಿಸಿದವರೂ ಸರ್ಜನ್ನರೇ.

ಆದ್ದರಿಂದ ಗಡ್ಡೆ ಎಂದ ಕೂಡಲೇ ಎದೆಗುಂದಬೇಡಿ, ರೋಬೋಟ್ ಎಂದ ಕೂಡಲೇ ನಿರಾಳರೂ ಆಗಬೇಡಿ. ಯಾವ ಬಗೆಯ ಗಡ್ಡೆ, ಎಲ್ಲಿಂದ ಬಂದದ್ದು, ಬಯಾಪ್ಸಿ ಏನು ಹೇಳಿತು ಎಂದು ವೈದ್ಯರನ್ನು ಕೇಳಿ. ಕೈಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.