ಅಚ್ಚಿನ ಹೂವು, ಸೂಜಿಯ ಹೂವು: ದಾವಣಗೆರೆ ಸೀಮೆಯ ತಾಂಡಾಗಳ ಕಸೂತಿಯನ್ನು ಕುರಿತು

ಬಟ್ಟೆಯ ಮೇಲೆ ಗಿಡ, ಬಳ್ಳಿ, ಹೂಗಳನ್ನು ಮೂಡಿಸಲು ನಮ್ಮ ದೇಶದಲ್ಲಿ ಎರಡು ಪ್ರಾಚೀನ ಮಾರ್ಗಗಳುಂಟು. ಕೆತ್ತಿದ ಮರದ ಅಚ್ಚಿನಿಂದ ಒತ್ತುವುದು ಒಂದು. ಸೂಜಿದಾರಗಳಿಂದ ಹೊಲಿಯುವುದು ಇನ್ನೊಂದು. ಅಚ್ಚೊತ್ತಿದ ಹೂವಿಗೆ ಕಸೂತಿ ತುಂಬುವಾಗ ಇವೆರಡೂ ಕೂಡುತ್ತವೆ. ಈ ಕೂಡಿಕೆಯಲ್ಲಿ ಕಲೆಯ ಒಡೆತನ ಯಾರ ಕೈಸೇರುತ್ತದೆಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಲಂಬಾಣಿ ತಾಂಡಾಗಳನ್ನು ಮುಂದಿಟ್ಟುಕೊಂಡು ವಿಚಾರಿಸುತ್ತೇವೆ.

೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ತರುವಾಯ ಹೊನ್ನಾಳಿಯಿಂದ ಬೇರ್ಪಟ್ಟಿತು. ಸೇವಾಲಾಲರು ಜನಿಸಿದರೆಂದು ಲಂಬಾಣಿಗರು ನಂಬಿರುವ ಸೂರಗೊಂಡನಕೊಪ್ಪ ಈ ನ್ಯಾಮತಿ ತಾಲ್ಲೂಕಿನಲ್ಲಿದೆ. ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿ ಊರೂರು ಸಾಗಿಸುವುದು ಈ ಜನರ ಪೂರ್ವವೃತ್ತಿ. ೧೭೯೧ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿದ ಕಾರ್ನ್‌ವಾಲಿಸನ ಸೈನ್ಯವೂ ಇವರು ತರುವ ಧಾನ್ಯವನ್ನು ನೆಚ್ಚಬೇಕಾಯಿತು. ರಸ್ತೆ, ರೈಲುಗಳು ಬಂದಮೇಲೆ ಆ ವೃತ್ತಿ ಕುಸಿಯಿತು.

ಅಚ್ಚಿನ ಕೆಲಸಕ್ಕೆ ನೆಲೆ ಬೇಕು. ಬಟ್ಟೆಯನ್ನು ಅಳಲೆಕಾಯಿಯ ಕಷಾಯದಲ್ಲಿ ನೆನೆಸಿ, ಪಟಿಕದ ದ್ರವವನ್ನು ಅಚ್ಚಿನಿಂದ ಒತ್ತಿ, ಮಂಜಿಷ್ಠದಂಥ ಬೇರಿನೊಡನೆ ಕುದಿಸಿದರೆ ಪಟಿಕ ತಾಗಿದ ಕಡೆ ಕೆಂಪು ನಿಲ್ಲುತ್ತದೆ. ಬೆಲ್ಲದ ನೀರಿನಲ್ಲಿ ಕಬ್ಬಿಣವನ್ನು ಕೊಳೆಹಾಕಿ ಪಡೆದ ದ್ರವದಿಂದ ಕಪ್ಪು ಗೆರೆ ದೊರೆಯುತ್ತದೆ. ಹೀಗೆ ಗಿಡದ ಚಿತ್ರವು ಗಿಡದ ಸಾರದಿಂದಲೇ ಮೂಡುತ್ತದೆ. ಇದಕ್ಕೆ ಹಂಡೆ, ಒಲೆ, ಧಾರಾಳವಾದ ನೀರು ಅವಶ್ಯ. ಸೂಜಿಯಾದರೋ ಎತ್ತಿನ ಹೇರಿನೊಡನೆ ಎಲ್ಲಿಗೂ ನಡೆಯಬಲ್ಲುದು. ಅಲೆಮಾರಿ ಸಮುದಾಯದಲ್ಲಿ ಕಸೂತಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಲಂಬಾಣಿ ಸ್ತ್ರೀಯರ ಕಾಂಚಳಿ, ಫೇಟಿಯಾಗಳಲ್ಲಿ ಚೌಕ, ತ್ರಿಕೋನಾದಿ ಆಕೃತಿಗಳೇ ಪ್ರಧಾನ. ಕನ್ನಡಿ, ಕವಡೆ, ನಾಣ್ಯಗಳು ಅವುಗಳ ನಡುವೆ ಕೂರುತ್ತವೆ. ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುವುದುಂಟು. ತಾಯಿಯ ಕೈಯನ್ನು ನೋಡಿ ಮಗಳು ಕಲಿತ ವಿದ್ಯೆಯಿದು. ಧಾರವಾಡ ಸೀಮೆಯ ಕಸೂತಿಯಲ್ಲಿಯೂ ತುಳಸಿ ವೃಂದಾವನ, ಕಮಲಗಳನ್ನು ಗೆರೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹೊಲಿಯುತ್ತಾರೆ. ಅಲ್ಲಿಯ ಒಂದು ಹೊಲಿಗೆಗೆ ಮೆಂತಿಯೆಂದೇ ಹೆಸರು. ಎರಡೆಡೆಯೂ ಆಕೃತಿ ಮೊದಲು ಹುಟ್ಟುವುದು ಹೊಲಿಯುವವಳ ಮನಸ್ಸಿನಲ್ಲಿ.

ಸಿದ್ಧ ಅಚ್ಚು ಬಂದಾಗ ಈ ಕ್ರಮ ತಿರುವುಮುರುವಾಗುತ್ತದೆ. ಕಾಗದದಲ್ಲಿ ರಂಧ್ರಗಳನ್ನು ಚುಚ್ಚಿ, ಬಣ್ಣದ ಪುಡಿಯನ್ನು ಉಜ್ಜಿ ಬಟ್ಟೆಗೆ ಹೂವಿನ ಗೆರೆಯಿಳಿಸುವುದು ಕಸೂತಿಯ ವ್ಯಾಪಾರದಲ್ಲಿ ಸಾಮಾನ್ಯ. ಅಲ್ಲಿ ಆಕೃತಿ ಒಬ್ಬರದು, ಹೊಲಿಗೆ ಮತ್ತೊಬ್ಬರದು. ಕೂಲಿ ಎರಡನೆಯದಕ್ಕೆ ಮಾತ್ರ. ಬಣ್ಣಗಾರರ ವಿಷಯದಲ್ಲಿ ಇಂಥ ಬೇರ್ಪಾಡು ಹಿಂದೆಯೇ ಆಗಿಹೋಗಿದೆ. ೧೮೬೯ರಲ್ಲಿ ಕೃತಕ ಕೆಂಪೂ ೧೮೯೭ರಲ್ಲಿ ಕೃತಕ ನೀಲಿಯೂ ಯುರೋಪಿನ ಮಾರುಕಟ್ಟೆಗೆ ಬಂದಮೇಲೆ ಬೇರು, ಎಲೆಗಳ ಬಣ್ಣವನ್ನು ಬಲ್ಲವರ ವಿದ್ಯೆಗೆ ಬೆಲೆ ತಗ್ಗಿತು. ಅಚ್ಚಿನ ಸೌಕರ್ಯವನ್ನು ನಾವು ಹಳಿಯುವುದಿಲ್ಲ. ಹೊಲಿಯುವವಳೇ ಅಚ್ಚನ್ನು ರೂಪಿಸಿದರೆ ಅದೂ ಅವಳ ಸ್ವತ್ತೇ. ಆಕೃತಿಯನ್ನು ನಿರ್ಣಯಿಸುವ ಅಧಿಕಾರವೇ ಇಲ್ಲಿಯ ಪ್ರಶ್ನೆ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ೨೦೨೩ರ ಜುಲೈಯಲ್ಲಿ ಹಂಪಿಯ ಜಿ-೨೦ ಸಭೆಯ ಸಂದರ್ಭದಲ್ಲಿ ೧,೭೫೫ ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಇವು ಸಂತೋಷದ ಸಂಗತಿಗಳೇ. ಆದರೆ ಮಾನ್ಯತೆ ಒಂದು ಊರಿನ ಹೆಸರಿಗೆ, ದಾಖಲೆ ಒಂದು ಸಂಖ್ಯೆಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಪೆಟ್ಟಿಗೆಯೊಳಗೆ ಉಳಿದಿರಬಹುದಾದ ಒಂದೊಂದು ಕಾಂಚಳಿಯನ್ನೂ, ಹೊಲಿದವಳ ಹೆಸರು, ತಾಂಡಾ, ಹೊಲಿಗೆಯ ವಿವರಗಳೊಡನೆ ಬರೆದಿಡುವುದು ಇತಿಹಾಸ ವಿದ್ಯಾರ್ಥಿಗಳ ಕರ್ತವ್ಯ. ಶಾಸನವನ್ನು ಓದುವಷ್ಟೇ ಶ್ರದ್ಧೆಯಿಂದ ಅದನ್ನು ಓದಬೇಕಾಗಿದೆ. ಬಟ್ಟೆಗೆ ಕಲ್ಲಿನ ಆಯುಸ್ಸಿಲ್ಲ.