ಜೌಗು ಗದ್ದೆಯಲ್ಲಿ ಬಜೆ ಬೇಸಾಯ: ನೆಲ, ನೀರು ಮತ್ತು ಮಾರಾಟದ ವಿವೇಚನೆ

ಕೆರೆ ಏರಿಯ ಹಿಂಬದಿಯ ಗದ್ದೆಗಳಲ್ಲಿ, ನಾಲೆಯ ಬಸಿ ನೀರು ನಿಲ್ಲುವ ತಗ್ಗುಗಳಲ್ಲಿ ಹಾಗೂ ಮಲೆನಾಡಿನ ಕಣಿವೆಯ ಅಡಿಭಾಗದಲ್ಲಿ ವರ್ಷದ ಬಹುಕಾಲ ನೆಲ ಒಣಗುವುದಿಲ್ಲ. ಇಂತಹ ಜೌಗಿನಲ್ಲಿ ರಾಗಿ, ಜೋಳ, ಮೆಣಸಿನಕಾಯಿಯಂತಹ ಬೆಳೆಗಳ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಭತ್ತವೊಂದೇ ದಾರಿ ಎಂದು ಭಾವಿಸಿರುವ ರೈತರು ಅದಕ್ಕೆ ಪರ್ಯಾಯವಾಗಿ ಪರಿಶೀಲಿಸಬಹುದಾದ ಕೆಲವೇ ಬೆಳೆಗಳಲ್ಲಿ ಬಜೆಯೂ ಒಂದು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ರೈತರು ಇದನ್ನು ಗದ್ದೆಬೆಳೆಯಾಗಿಯೇ ಬೆಳೆದು ಮಾರುತ್ತ ಬಂದಿದ್ದಾರೆ. ಆದರೆ ಜೌಗು ಇದ್ದಲ್ಲೆಲ್ಲ ಬಜೆ ಹಾಕಬಹುದು ಎಂಬ ಮಾತು ಸರಿಯಲ್ಲ. ನಾಟಿಗೆ ಮೊದಲು ನಿಮ್ಮ ನೆಲ, ನೀರು ಮತ್ತು ಕೊಳ್ಳುವವರು, ಈ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು.

ಸಸ್ಯದ ಪರಿಚಯ

ಬಜೆಯ ಸಸ್ಯಶಾಸ್ತ್ರೀಯ ಹೆಸರು ಅಕೋರಸ್ ಕಲಾಮಸ್. ಸಂಸ್ಕೃತದಲ್ಲಿ ವಚಾ, ತಮಿಳಿನಲ್ಲಿ ವಸಂಬು. ಕತ್ತಿಯಂತಹ ಉದ್ದನೆಯ ಎಲೆಗಳುಳ್ಳ ಈ ಬಹುವಾರ್ಷಿಕ ಮೂಲಿಕೆಯ ಬೇರುಕಾಂಡ ಕೆಸರಿನ ಮೇಲ್ಪದರದಲ್ಲಿ ಅಡ್ಡಲಾಗಿ ಹರಿದು ಬೆಳೆಯುತ್ತದೆ. ನಾವು ಗೆಡ್ಡೆ ಎಂದು ಕರೆದು ಮಾರುವುದು ಇದನ್ನೇ. ಎಲೆ, ಗೆಡ್ಡೆ ಮತ್ತು ಬೇರುಗಳ ಒಳಗೆ ಗಾಳಿ ಸಾಗುವ ಪೊಳ್ಳು ಅಂಗಾಂಶವಿದ್ದು, ಎಲೆ ಹೀರಿದ ಆಮ್ಲಜನಕ ಅದರ ಮೂಲಕ ಕೆಸರಿನೊಳಗಿನ ಬೇರನ್ನು ತಲುಪುತ್ತದೆ. ಭತ್ತ ನಿಂತ ನೀರನ್ನು ಸಹಿಸುವುದೂ ಇದೇ ಬಗೆಯ ರಚನೆಯಿಂದ.

ಕೆರೆಯಂಚಿನ ಆಪು ಮೊದಲಾದ ಗಿಡಗಳ ಎಳೆಯ ಸಸಿಗಳನ್ನು ಬಜೆಯೆಂದು ತಪ್ಪಾಗಿ ತಿಳಿಯುವುದುಂಟು. ಎಲೆಯನ್ನು ಬೆರಳಲ್ಲಿ ಹಿಸುಕಿ ನೋಡಿ. ಬಜೆಯಾದರೆ ಘಾಟು ಬೆರೆತ ಸುವಾಸನೆ ಬರುತ್ತದೆ ಮತ್ತು ಎಲೆಯ ನಡುನರ ಸರಿಯಾಗಿ ಮಧ್ಯದಲ್ಲಿರದೆ ಒಂದು ಬದಿಗೆ ಸರಿದಿರುತ್ತದೆ. ವಾಸನೆಯಿಲ್ಲದ ಸಸಿಯನ್ನು ಯಾರು ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬೇಡಿ.

ಯಾವ ಜೌಗು ಯೋಗ್ಯ, ಯಾವುದು ಅಯೋಗ್ಯ

ಜೌಗು ಎಂಬ ಒಂದೇ ಹೆಸರಿನಡಿ ಹಲವು ಬಗೆಯ ನೆಲಗಳಿವೆ. ಸಿಹಿನೀರು ನಿಧಾನವಾಗಿ ಹರಿಯುವ ಅಥವಾ ಒಸರುವ ಜೇಡಿಗೋಡು, ಮೆಕ್ಕಲು ಮಣ್ಣಿನ ಗದ್ದೆ ಬಜೆಗೆ ಉತ್ತಮ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟುಗಳಲ್ಲಿ ಅತಿ ನೀರಾವರಿಯಿಂದ ಜೌಗಾದ ಕಪ್ಪುನೆಲ ಇದಕ್ಕಿಂತ ಬೇರೆ. ಅಲ್ಲಿ ನೀರಿನೊಂದಿಗೆ ಲವಣವೂ ಮೇಲೇರಿರುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಪೊರೆ ಕಟ್ಟುವ ಸವಳು ಗದ್ದೆಗೆ ಬಜೆ ಸೂಕ್ತವಲ್ಲ. ಅಂತಹ ಭೂಮಿಗೆ ಮೊದಲು ಬಸಿಗಾಲುವೆ ಬೇಕು. ಕ್ಷಾರವಿದ್ದರೆ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ಬೇಕು. ಹೊಸ ಬೆಳೆಯ ವಿಚಾರ ಅನಂತರದ್ದು. ಆದ್ದರಿಂದ ರಸಸಾರ ಮತ್ತು ವಿದ್ಯುತ್ ವಾಹಕತೆ ಎರಡನ್ನೂ ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ.

ಮಲೆನಾಡಿನ ಕೆಂಪು ಕಣಿವೆಗಳ ಜೌಗಿನಲ್ಲಿ ಮತ್ತೊಂದು ಲಕ್ಷಣ ಕಾಣುತ್ತದೆ. ನಿಂತ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ತೆಳುಪೊರೆ, ಅಂಚಿನಲ್ಲಿ ತುಕ್ಕಿನ ಬಣ್ಣದ ಕೆಸರು. ಕಡ್ಡಿಯಿಂದ ಮುಟ್ಟಿದಾಗ ಆ ಪೊರೆ ಚೂರುಚೂರಾಗಿ ಒಡೆದರೆ ಅದು ಎಣ್ಣೆಯಲ್ಲ, ಕಬ್ಬಿಣದಿಂದಾದದ್ದು. ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರುಗಳಿಗೆ ಅತಿಯಾಗಿ ದೊರೆಯುತ್ತದೆ. ಇಂತಹ ಗದ್ದೆಯಲ್ಲಿ ನೀರನ್ನು ಕಟ್ಟಿ ನಿಲ್ಲಿಸದೆ ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ಹರಿದುಹೋಗಲು ಬಿಡಬೇಕು.

ಊರಿನ ಚರಂಡಿ ಅಥವಾ ಕಾರ್ಖಾನೆಯ ತ್ಯಾಜ್ಯ ಸೇರುವ ಕೆರೆಯ ಕೆಳಗಿನ ಗದ್ದೆಯಲ್ಲಿ ಬಜೆಯನ್ನು ಬೆಳೆಯಲೇಬಾರದು. ಕೊಳಚೆ ನೀರನ್ನು ಶುದ್ಧೀಕರಿಸುವ ಕೃತಕ ಜೌಗುಗಳಲ್ಲಿ ಇದೇ ಗಿಡವನ್ನು ನೆಡುತ್ತಾರೆ, ಏಕೆಂದರೆ ಅದು ನೀರಿನಲ್ಲಿರುವ ಪೋಷಕಾಂಶಗಳೊಂದಿಗೆ ಭಾರ ಲೋಹಗಳನ್ನೂ ಹೀರಿಕೊಳ್ಳಬಲ್ಲದು. ನೀರಿನ ಶುದ್ಧಿಗೆ ಉಪಕಾರವಾದ ಈ ಗುಣವೇ ಔಷಧದ ಗೆಡ್ಡೆಗೆ ದೋಷ. ಅಲ್ಲಿ ಗಿಡ ಹುಲುಸಾಗಿ ಬರುತ್ತದೆ, ಗೆಡ್ಡೆ ದಪ್ಪನಾಗಿರುತ್ತದೆ. ಸೀಸ, ಕ್ಯಾಡ್ಮಿಯಂ ಕಣ್ಣಿಗೆ ಕಾಣುವುದಿಲ್ಲ.

ನೈಸರ್ಗಿಕ ಜೌಗನ್ನು ಕೃಷಿಗೆ ಒಳಪಡಿಸುವ ಯೋಚನೆಯನ್ನು ಬಿಡಿ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ರಾಮಪತ್ರೆ ಜಡ್ಡಿಗಳು ಅಪರೂಪದ ಮರಗಳ ನೆಲೆ ಮತ್ತು ಕೆಳಗಿನ ತೋಟಗಳಿಗೆ ಬೇಸಿಗೆಯ ನೀರಿನ ಮೂಲ. ಅಧಿಸೂಚಿತ ಜೌಗು ಪ್ರದೇಶಗಳಿಗೆ 2017ರ ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು ಅನ್ವಯಿಸುತ್ತವೆ. ಕೆರೆಯಂಗಳ ಸಾರ್ವಜನಿಕ ಆಸ್ತಿ. ಈ ಲೇಖನದಲ್ಲಿ ಹೇಳಿರುವುದೆಲ್ಲ ಈಗಾಗಲೇ ಸಾಗುವಳಿಯಲ್ಲಿರುವ ಸ್ವಂತ ಗದ್ದೆಗೆ ಮಾತ್ರ.

ನೀರಿನ ಲೆಕ್ಕ

ಬಜೆ ಗದ್ದೆಯಲ್ಲಿ ಸುಮಾರು ಒಂದು ವರ್ಷ ನಿಲ್ಲುತ್ತದೆ. ಜೂನ್-ಜುಲೈನಲ್ಲಿ ನೆಟ್ಟರೆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲೂ ಕೆಸರು ಆರಬಾರದು. ಮಳೆಗಾಲದ ಗದ್ದೆಯನ್ನು ನೋಡಿ ತೀರ್ಮಾನಿಸಿದವರು ಬೇಸಿಗೆಯಲ್ಲಿ ಕೊಳವೆಬಾವಿಯ ನೀರನ್ನು ಇದಕ್ಕೆ ಹರಿಸುವ ಸ್ಥಿತಿಗೆ ಬರುತ್ತಾರೆ. ಅಂತರ್ಜಲ ಕುಸಿದಿರುವ ತಾಲ್ಲೂಕುಗಳಲ್ಲಿ ಇದು ನಷ್ಟದ ದಾರಿ, ನೆರೆಯ ರೈತರಿಗೂ ಅನ್ಯಾಯ. ನಿಮ್ಮ ಗದ್ದೆಯಲ್ಲಿ ಕಳೆದ ಎರಡು ಬೇಸಿಗೆಗಳಲ್ಲಿ ತಾನಾಗಿ ಒಸರು ನೀರು ಇತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಇರಲಿಲ್ಲವಾದರೆ ಮುಂಗಾರಿನಲ್ಲಿ ಭತ್ತ, ಅನಂತರ ಉಳಿದ ತೇವದಲ್ಲಿ ದ್ವಿದಳ ಧಾನ್ಯ ಬೆಳೆಯುವುದೇ ಲೇಸು.

ಒಂದು ವರ್ಷ ಗದ್ದೆ ಕಟ್ಟಿಹಾಕುವುದರಿಂದ ಕೈಬಿಡುವ ಬೆಳೆಯ ಲೆಕ್ಕವೂ ಬೇಕು. ಎರಡು ಭತ್ತ ಬರುವ ಗದ್ದೆಯಾದರೆ ಆ ಎರಡರ ನಿವ್ವಳ ಆದಾಯ ಮತ್ತು ದನಗಳಿಗೆ ಸಿಗುತ್ತಿದ್ದ ಹುಲ್ಲಿನ ಬೆಲೆಯನ್ನು ಬಜೆಯ ಆದಾಯದಿಂದ ಕಳೆದೇ ಹೋಲಿಸಬೇಕು. ಹುಲ್ಲನ್ನು ಬಹಳ ಮಂದಿ ಲೆಕ್ಕಕ್ಕೆ ತರುವುದಿಲ್ಲ.

ಬಿತ್ತನೆ ಗೆಡ್ಡೆ ಮತ್ತು ನಾಟಿ

ಬಜೆಯನ್ನು ಗೆಡ್ಡೆಯ ತುಂಡುಗಳಿಂದಲೇ ವೃದ್ಧಿಸುವುದು ರೂಢಿ. ಹಿಂದಿನ ಬೆಳೆಯಿಂದ ಆಯ್ದ, ರೋಗವಿಲ್ಲದ ಗೆಡ್ಡೆಗಳನ್ನು ನೆರಳಿನಲ್ಲಿ ಮಣ್ಣಿನಡಿ ಇಟ್ಟು ಸದಾ ತೇವವಾಗಿರಿಸಬೇಕು. ಮೊಳಕೆ ಬಂದ ಮೇಲೆ ಪ್ರತಿ ತುಂಡಿನಲ್ಲೂ ಒಂದು ಜೀವಂತ ಸುಳಿ ಇರುವಂತೆ ಕತ್ತರಿಸಿ.

ಗದ್ದೆಯನ್ನು ಭತ್ತಕ್ಕೆ ಮಾಡುವಂತೆಯೇ ಕೆಸರು ಹದ ಮಾಡಿ ಮಟ್ಟ ಹೊಡೆಯಬೇಕು. ಕೊನೆಯ ಉಳುಮೆಗೆ ಮೊದಲು ಎಕರೆಗೆ ಸುಮಾರು 6 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಕಳಿಯದ ಗೊಬ್ಬರ ಬೇಡ. ನಿಂತ ನೀರಿನಲ್ಲಿ ಅದು ಕೊಳೆಯುವಾಗ ಉಂಟಾಗುವ ಅನಿಲಗಳು ಎಳೆಯ ಬೇರಿಗೆ ಹಾನಿ ಮಾಡುತ್ತವೆ. ಡಯಾಂಚ ಬೆಳೆದು ಉಳುವವರು ಅದು ಕರಗಲು ಎರಡು ವಾರವಾದರೂ ಬಿಡಬೇಕು.

ಸಾಲಿನಿಂದ ಸಾಲಿಗೆ ಮತ್ತು ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ, ಸುಮಾರು 4 ಸೆಂ.ಮೀ. ಆಳಕ್ಕೆ, ಸುಳಿ ಮೇಲಿರುವಂತೆ ತುಂಡನ್ನು ಕೆಸರಿಗೆ ಒತ್ತಿ. ಈ ಅಂತರದಲ್ಲಿ ಎಕರೆಗೆ ಸುಮಾರು 45,000 ತುಂಡುಗಳು ಹಿಡಿಯುತ್ತವೆ. ಒಂದು ತುಂಡು 15 ಗ್ರಾಂ ತೂಗಿದರೂ 675 ಕಿಲೋ ಗೆಡ್ಡೆ ಬೇಕಾಯಿತು. ಮೊದಲ ವರ್ಷ ಇಷ್ಟನ್ನು ಹಣ ಕೊಟ್ಟು ತರುವುದು ದೊಡ್ಡ ಖರ್ಚು. ಆದ್ದರಿಂದ ಎರಡು ಗುಂಟೆಯಲ್ಲಿ ಸುಮಾರು 2,250 ತುಂಡು ನೆಟ್ಟು ನೋಡುವುದು ನನ್ನ ಸಲಹೆ. ಗದ್ದೆ ಒಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ, ಒಗ್ಗಿದರೆ ಮುಂದಿನ ವರ್ಷದ ಬಿತ್ತನೆಯೂ ನಿಮ್ಮಲ್ಲೇ ಸಿದ್ಧವಾಗುತ್ತದೆ.

ನಾಟಿಯಾದ ಆರಂಭದಲ್ಲಿ 5 ಸೆಂ.ಮೀ., ಗಿಡ ಬೇರೂರಿದ ಮೇಲೆ 10 ಸೆಂ.ಮೀ. ನೀರು ನಿಲ್ಲಿಸಿದರೆ ಸಾಕು. ಸುಳಿ ಮುಳುಗುವಷ್ಟು ನೀರಾದರೆ ಎಳೆಯ ತುಂಡು ಕೊಳೆಯುತ್ತದೆ. ರಸಗೊಬ್ಬರವನ್ನು ಮಣ್ಣು ಪರೀಕ್ಷೆಯಂತೆ ನೀಡಿ. ಯೂರಿಯಾವನ್ನು ನಿಂತ ನೀರಿನ ಮೇಲೆ ಎರಚಿದರೆ ಬಹುಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನೀರನ್ನು ಬಸಿದು, ಕಂತುಗಳಲ್ಲಿ ಹಾಕಿ, ಕೆಸರಿಗೆ ಬೆರೆಸಿ ಮತ್ತೆ ನೀರು ಕಟ್ಟಿ. ನೈಟ್ರೇಟ್ ರೂಪದ ಗೊಬ್ಬರಗಳು ಜೌಗಿಗೆ ಹೊಂದುವುದಿಲ್ಲ.

ಕಳೆ, ಕೀಟ ಮತ್ತು ಕೆಲಸಗಾರರ ಆರೋಗ್ಯ

ಈ ಬೆಳೆಯ ನಿಜವಾದ ವೆಚ್ಚ ಕಳೆಯಲ್ಲಿದೆ. ಮೊದಲ ವರ್ಷ ತಿಂಗಳಿಗೊಮ್ಮೆಯಂತೆ ಎಂಟು ಬಾರಿ ಕಳೆ ತೆಗೆಯಬೇಕಾಗಬಹುದು. ಪ್ರತಿ ಬಾರಿಯೂ ಸಡಿಲವಾದ ಗಿಡದ ಬುಡವನ್ನು ಕಾಲಿನಿಂದ ಅಥವಾ ಕೈಯಿಂದ ಕೆಸರಿಗೆ ಒತ್ತಿಡಬೇಕು. ಗೆಡ್ಡೆ ಮೇಲ್ಪದರದಲ್ಲೇ ಬೆಳೆಯುವುದರಿಂದ ಈ ಕೆಲಸ ತಪ್ಪಿದರೆ ಗಿಡ ತೇಲುತ್ತದೆ.

ಹಿಟ್ಟುತಿಗಣೆ ಎಲೆಯ ಬುಡ ಮತ್ತು ಬೇರಿಗೆ ಮುತ್ತುವುದುಂಟು. ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಮೀಥೈಲ್ ಪ್ಯಾರಾಥಿಯಾನ್ ಶಿಫಾರಸು ಮಾಡಿರುವುದನ್ನು ನೀವು ಇನ್ನೂ ಕಾಣಬಹುದು. ಆ ಕೀಟನಾಶಕವನ್ನು 2018ರಲ್ಲಿ ದೇಶದಲ್ಲಿ ನಿಷೇಧಿಸಲಾಗಿದೆ. ವಿಸ್ತರಣಾ ಕಾರ್ಯಕರ್ತರು ಹಳೆಯ ಕರಪತ್ರಗಳನ್ನು ಹಂಚುವ ಮುನ್ನ ಈ ಸಾಲನ್ನು ಹೊಡೆದುಹಾಕಬೇಕು. ಮುತ್ತಿದ ಎಲೆಗಳನ್ನು ಕಿತ್ತು ನಾಶಪಡಿಸುವುದು, ಬೇವಿನ ಎಣ್ಣೆಯ ಸಿಂಪರಣೆ, ಕೀಟವಿಲ್ಲದ ಬಿತ್ತನೆ ಗೆಡ್ಡೆಯ ಬಳಕೆ ಸಾಮಾನ್ಯವಾಗಿ ಸಾಕಾಗುತ್ತದೆ.

ಕೆಸರಿನಲ್ಲಿ ದಿನಗಟ್ಟಲೆ ನಿಂತು ಕಳೆ ಕೀಳುವವರಿಗೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಇಲಿಜ್ವರದ ಅಪಾಯವಿದೆ. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಗಾಯದ ಮೂಲಕ ದೇಹ ಸೇರುತ್ತದೆ. ಕಾಲಿಗೆ ಗಾಯವಿರುವವರನ್ನು ಗದ್ದೆಗೆ ಇಳಿಸಬೇಡಿ, ಮೊಣಕಾಲುದ್ದದ ರಬ್ಬರ್ ಬೂಟು ಒದಗಿಸಿ. ಜ್ವರದೊಡನೆ ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಕೊಯ್ಲು ಮತ್ತು ಒಣಗಿಸುವಿಕೆ

ಕೆಳಗಿನ ಎಲೆಗಳು ಹಳದಿಯಾಗಿ ಒಣಗತೊಡಗಿದಾಗ ಬೆಳೆ ಪಕ್ವವಾಗಿದೆ ಎಂದು ತಿಳಿಯಿರಿ. ನೀರು ಬಿಡುವುದನ್ನು ನಿಲ್ಲಿಸಿ, ಆದರೆ ಕೀಳಲು ಬೇಕಾದಷ್ಟು ತೇವ ಉಳಿಸಿ. ಜೇಡಿಮಣ್ಣು ಪೂರ್ತಿ ಒಣಗಿದರೆ ಗೆಡ್ಡೆ ತುಂಡಾಗಿ ಅರ್ಧ ಬೆಳೆ ನೆಲದಲ್ಲೇ ಉಳಿಯುತ್ತದೆ. ಕಿತ್ತ ಗೆಡ್ಡೆಗಳನ್ನು ಶುದ್ಧ ನೀರಿನಲ್ಲಿ ತೊಳೆದು, ಎಲೆ ಮತ್ತು ನಾರುಬೇರು ತೆಗೆದು, 5ರಿಂದ 7 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಎತ್ತರದ ಮಂಚಿಕೆ ಅಥವಾ ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ. ಸುಗಂಧ ತೈಲ ಆವಿಯಾಗುವ ಸ್ವಭಾವದ್ದಾದ್ದರಿಂದ ಗಾಳಿಯಾಡುವ ನೆರಳು ಉತ್ತಮ. ಒಣಗಿದ ಮೇಲೆ ಗೋಣಿಚೀಲದಿಂದ ಉಜ್ಜಿದರೆ ಹೊಟ್ಟು ಬಿಡುತ್ತದೆ. ರಸ್ತೆಯ ಮೇಲೆ ಒಣಗಿಸಿದ ಮಾಲಿನಲ್ಲಿ ಮರಳು ಸೇರಿ ಬೂದಿಯ ಪ್ರಮಾಣ ಏರುತ್ತದೆ. ಔಷಧ ತಯಾರಕರು ಪರೀಕ್ಷೆಯಲ್ಲಿ ಅದನ್ನೇ ಕಾರಣವಾಗಿ ತೋರಿಸಿ ತಿರಸ್ಕರಿಸಬಹುದು.

ಇಳುವರಿಯನ್ನು ಹಸಿ ತೂಕದಲ್ಲಿ ಹೇಳುವವರ ಮಾತನ್ನು ಎಚ್ಚರದಿಂದ ಕೇಳಿ. ನಿಮ್ಮ ಎರಡು ಗುಂಟೆಯ ಗೆಡ್ಡೆಯಿಂದ 10 ಕಿಲೋ ತೂಗಿ, ಬೇರೆಯಾಗಿ ಒಣಗಿಸಿ, ಮತ್ತೆ ತೂಗಿ. ಆ ಅನುಪಾತದಲ್ಲೇ ಆದಾಯದ ಲೆಕ್ಕ ಹಾಕಿ.

ಮಾರಾಟ ಮತ್ತು ಒಂದು ಮುಖ್ಯ ಎಚ್ಚರಿಕೆ

ಬಜೆಯನ್ನು ಕೊಳ್ಳುವವರು ಕೆಲವೇ ಮಂದಿ: ಗ್ರಂಥಿಗೆ ಅಂಗಡಿಗೆ ಮಾಲು ಒದಗಿಸುವ ವರ್ತಕರು ಮತ್ತು ಆಯುರ್ವೇದ ಔಷಧ ತಯಾರಕರು. ಒಂದೇ ಹೋಬಳಿಯಲ್ಲಿ ಹತ್ತಾರು ಮಂದಿ ಒಮ್ಮೆಗೇ ಬೆಳೆದರೆ ಬೆಲೆ ಕುಸಿಯುವುದು ಸಹಜ. ಗೆಡ್ಡೆಯನ್ನು ಮಾರುವವರೇ "ನಾವೇ ವಾಪಸು ಕೊಳ್ಳುತ್ತೇವೆ" ಎಂದು ಭರವಸೆ ನೀಡಿದರೆ ಬೆಲೆ, ತೇವಾಂಶ, ಪಾವತಿಯ ದಿನಾಂಕ ನಮೂದಾದ ಲಿಖಿತ ಒಪ್ಪಂದ ಕೇಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಗೆ ನಿಲ್ಲಿಸಿ.

ಬಜೆಯ ತೈಲದಲ್ಲಿ ಬೀಟಾ ಅಸರೋನ್ ಎಂಬ ರಾಸಾಯನಿಕವಿದೆ. ಉತ್ತರ ಅಮೆರಿಕದ ಬಗೆಯಲ್ಲಿ ಅದು ಇಲ್ಲ. ನಮ್ಮ ದೇಶದ ಬಜೆಯಲ್ಲಿ ಸಾಮಾನ್ಯವಾಗಿ ತೈಲದ ಪ್ರಧಾನ ಭಾಗವೇ ಅದು. ಪ್ರಯೋಗದ ಇಲಿಗಳಲ್ಲಿ ಇದು ಗೆಡ್ಡೆರೋಗ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ನಮ್ಮ ಆಹಾರ ಸುರಕ್ಷತಾ ನಿಯಮಗಳೂ ಬೀಟಾ ಅಸರೋನನ್ನು ಆಹಾರದ ಸುವಾಸನಾ ದ್ರವ್ಯವಾಗಿ ಬಳಸಲು ಬಿಡುವುದಿಲ್ಲ. ಆದ್ದರಿಂದ ಆಹಾರ, ಪಾನೀಯದ ಉದ್ಯಮಗಳು ಕೊಳ್ಳುತ್ತವೆ ಎಂಬ ಆಸೆಯಿಂದ ವಿಸ್ತೀರ್ಣ ಹೆಚ್ಚಿಸಬೇಡಿ.

ಮನೆಯ ವಿಷಯವೂ ಇಲ್ಲಿ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಸುಗೂಸಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಹಳೆಯದು, ಹಿರಿಯರು ಪ್ರೀತಿಯಿಂದಲೇ ಮಾಡುವಂಥದ್ದು. ಬಜೆ ಬೆಳೆಯುವ ಮನೆಯಲ್ಲಿ ಹಸಿ ಗೆಡ್ಡೆ ಕೈಗೆ ಸುಲಭವಾಗಿ ಸಿಗುವುದರಿಂದ ಅಳತೆ ತಪ್ಪುವ ಸಂಭವ ಹೆಚ್ಚು. ಅತಿಯಾದರೆ ತೀವ್ರ ವಾಂತಿಯಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಕೊಡಬೇಡಿ. ಬಿತ್ತನೆಗೆಂದು ಇಟ್ಟ ಕಾಳಿಗೆ ಹುಳ ಬೀಳದಂತೆ ಬಜೆಯ ಪುಡಿ ಬೆರೆಸುವುದು ಒಳ್ಳೆಯ ಪದ್ಧತಿ, ಆದರೆ ಆ ಕಾಳನ್ನು ಮತ್ತೆ ಅಡುಗೆಗೆ ಬಳಸಬಾರದು. ಚೀಲದ ಮೇಲೆ "ಬಿತ್ತನೆಗೆ ಮಾತ್ರ" ಎಂದು ಬರೆದಿಡಿ.

ಕೊಯ್ಲಿನ ನಂತರ ನೆಲದಲ್ಲಿ ಉಳಿದ ಚೂರುಗಳು ಮತ್ತೆ ಚಿಗುರಿ ಮುಂದಿನ ಭತ್ತದಲ್ಲಿ ಕಳೆಯಾಗುತ್ತವೆ. ಉಳುಮೆಯ ಹಿಂದೆಯೇ ಅವುಗಳನ್ನು ಆಯ್ದು ತೆಗೆಸಿ. ಸುಳಿ ಚೆನ್ನಾಗಿರುವವನ್ನು ಬಿತ್ತನೆಗೆ ತೇವದ ಮಣ್ಣಿನಲ್ಲಿ ಹೂತಿಟ್ಟು, ಉಳಿದವನ್ನು ನೀರಿನ ಕಾಲುವೆಗೆ ಎಸೆಯದೆ ಒಣಗಿಸಿ ಸುಡಬೇಕು.